ಸ್ಟೋರ್ಸಿನ ಕೆಂಪು ಪುಸ್ತಕ

ಪುಣೆ ಬಳಿಯ ಚಾಕಣದಲ್ಲಿರುವ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ, ಕಂಪ್ಯೂಟರಿನ ಮಗ್ಗುಲಲ್ಲೇ, ಕೆಂಪು ಬಟ್ಟೆಯ ರಟ್ಟು ಹಾಕಿದ ದಪ್ಪನೆಯ ಪುಸ್ತಕವೊಂದಿತ್ತು. ಆ ಕಾರ್ಖಾನೆಯ ಹಳೆಯ ತಂತ್ರಾಂಶವನ್ನು ತೆಗೆದು ಹೊಸದನ್ನು ಕಟ್ಟಿಕೊಡುವ ಕೆಲಸದಲ್ಲಿ ವಿನ್ಯಾಸದ ಹೊಣೆ ನನ್ನದಾಗಿತ್ತು. ಹಿಂಜವಡಿಯ ನಮ್ಮ ಆಫೀಸಿನಲ್ಲಿ ಮೂರು ತಿಂಗಳು ಕುಳಿತು, ಖರೀದಿ, ಉತ್ಪಾದನೆ, ಹಣಕಾಸು, ಗುಣಮಟ್ಟ ಹೀಗೆ ಎಲ್ಲ ವಿಭಾಗಗಳ ಮುಖ್ಯಸ್ಥರೊಡನೆ ಸಭೆ ನಡೆಸಿ, ಯಾರಿಗೆ ಏನು ಬೇಕೆಂದು ಬರೆದುಕೊಂಡು, 400 ಪುಟಗಳ ದಸ್ತಾವೇಜು ಸಿದ್ಧಪಡಿಸಿ ಎಲ್ಲರ ಸಹಿಯನ್ನೂ ಪಡೆದಾಗಿತ್ತು. ಸಹಿಯಾದ ಮರುವಾರ, ಬಾರ್‌ಕೋಡ್ ಓದುವ ಯಂತ್ರಗಳನ್ನು ಎಲ್ಲಿಡಬೇಕೆಂದು ನೋಡುವುದಕ್ಕಾಗಿ ನಾನು ಮೊದಲ ಸಲ ಸ್ಟೋರ್ಸಿನೊಳಗೆ ಕಾಲಿಟ್ಟೆ.

ಸ್ಟೋರ್ಸ್ ನೋಡಿಕೊಳ್ಳುವವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನನ್ನ ಮರಾಠಿಯ ಧಾಟಿ ಕೇಳಿಯೇ ಅವರಿಗೆ ಗೊತ್ತಾಗಿರಬೇಕು, "ಯಾವೂರ್ರೀ ಸರ ನಿಮ್ದು?" ಎಂದು ಕೇಳಿದರು. ಧಾರವಾಡ ಎಂದೆ. ಚಹಾ ಬಂತು. ಮಾತಿನ ನಡುವೆ ಆ ಪುಸ್ತಕದತ್ತ ಕೈ ತೋರಿಸಿ, "ಕಾಕಾ, ಕಂಪ್ಯೂಟರ್ ಇದ್ದರೂ ಇದ್ಯಾಕ್ರೀ?" ಎಂದು ಕೇಳಿದಾಗ ಅವರು ಹೇಳಿದ ಮಾತು ಇದು: "ಸರ, ಕಂಪ್ಯೂಟರಿನ್ಯಾಗ ಇರೋದು ಸಾಹೇಬ್ರಿಗೆ ಬೇಕಾದ ಲೆಕ್ಕರೀ. ಮಾಲು ಖರೇ ಎಷ್ಟೈತಿ, ಎಲ್ಲೈತಿ ಅನ್ನೋದು ಇದರಾಗ ಐತ್ರೀ."

ಆ ಮಧ್ಯಾಹ್ನ ನಾನು ಬಾರ್‌ಕೋಡಿನ ಕೆಲಸವನ್ನು ಬದಿಗಿಟ್ಟು ಅವರ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು ಆ ಪುಸ್ತಕವನ್ನು ಓದಿದೆ. ದೊಡ್ಡ ಉದ್ಯಮಗಳಿಗೆ ತಂತ್ರಾಂಶ ಕಟ್ಟುವ ಈ ವೃತ್ತಿಯಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಅದರಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಮಧ್ಯಾಹ್ನ ಅದೇ. ನಮ್ಮ 400 ಪುಟಗಳಲ್ಲಿ ಇಲ್ಲದ ಕಾರ್ಖಾನೆಯೊಂದು ಆ ಪುಸ್ತಕದಲ್ಲಿತ್ತು.

ಮೊದಲು ಉಕ್ಕಿನ ಸರಳುಗಳ ಲೆಕ್ಕವನ್ನೇ ನೋಡೋಣ. ಆ ಕಾರ್ಖಾನೆ 32 ಮಿಲಿಮೀಟರ್ ವ್ಯಾಸದ ದುಂಡು ಸರಳನ್ನು ಟನ್ನಿನ ಲೆಕ್ಕದಲ್ಲಿ ಕೊಳ್ಳುತ್ತದೆ, ಏಕೆಂದರೆ ಉಕ್ಕಿನ ದರ ಇರುವುದು ತೂಕಕ್ಕೆ. ಆದರೆ ಸ್ಟೋರ್ಸಿನ ಚೌಕಟ್ಟಿನ ಮೇಲೆ ಸಾಲಾಗಿ ಮಲಗಿರುವುದು ಕಿಲೋಗಳಲ್ಲ, 6 ಮೀಟರ್ ಉದ್ದದ ಸರಳುಗಳು. ಕಾಕಾ ಎಣಿಸುವುದು ಸರಳನ್ನು. ಕತ್ತರಿಸುವ ಯಂತ್ರದ ಮುಂದೆ ನಿಂತವನಿಗೆ ಬೇಕಾದದ್ದು ಮತ್ತೂ ಬೇರೆ, 148 ಮಿಲಿಮೀಟರ್ ಉದ್ದದ ತುಂಡುಗಳು. ಒಂದೇ ಮಾಲಿಗೆ ಮೂರು ಅಳತೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ ಎಂಬ ಸೂತ್ರ ಉಕ್ಕಿನ ವ್ಯಾಪಾರದವರಿಗೆಲ್ಲ ಬಾಯಿಪಾಠ. ಅದರಂತೆ 32ರ ಸರಳು ಮೀಟರಿಗೆ 6.32 ಕಿಲೋ, 6 ಮೀಟರಿನ ಪೂರ್ತಿ ಸರಳು ಸುಮಾರು 37.93 ಕಿಲೋ. ಹೀಗೆ ಒಂದು ಟನ್ನಿಗೆ 26.37 ಸರಳು ಬರುತ್ತದೆ. ಹಳೆಯ ತಂತ್ರಾಂಶ ತೋರಿಸುತ್ತಿದ್ದದ್ದೂ ಅದನ್ನೇ. ಚೌಕಟ್ಟಿನ ಮೇಲೆ ಇರುತ್ತಿದ್ದದ್ದು 26 ಅಥವಾ 27. ರೋಲಿಂಗ್ ಮಿಲ್ಲಿನಿಂದ ಬರುವ ಸರಳಿನ ಉದ್ದವಾಗಲಿ ದಪ್ಪವಾಗಲಿ ಸೂತ್ರದಷ್ಟು ನಿಖರವಾಗಿರುವುದಿಲ್ಲ. ತಿಂಗಳಿಗೆ ಹತ್ತಾರು ಲಾರಿ ಬರುವ ಕಡೆ ಈ ದಶಮಾಂಶಗಳು ಕೂಡುತ್ತ ಹೋಗಿ, ವರ್ಷದ ಕೊನೆಗೆ ದಾಸ್ತಾನು ಎಣಿಸುವಾಗ, ಯಾರೂ ಕದಿಯದ ಕಬ್ಬಿಣ ಲೆಕ್ಕದಲ್ಲಿ ಕಾಣೆಯಾಗಿರುತ್ತಿತ್ತು.

ಇನ್ನು ಕತ್ತರಿಸುವಾಗ ಗರಗಸದ ಅಲಗು ಪ್ರತಿ ಸಲವೂ 3 ಮಿಲಿಮೀಟರ್ ತಿನ್ನುತ್ತದೆ. ಹಾಗಾಗಿ 148ರ ತುಂಡಿಗೆ ಖರ್ಚಾಗುವುದು 151. ಆರು ಸಾವಿರವನ್ನು 151ರಿಂದ ಭಾಗಿಸಿದರೆ 39 ತುಂಡು ಸಿಕ್ಕು 111 ಮಿಲಿಮೀಟರ್ ಉಳಿಯುತ್ತದೆ. ಸುಮಾರು 700 ಗ್ರಾಂ ತೂಗುವ ಈ ಬಾಲದ ತುಂಡನ್ನು ಗುಜರಿಗೆ ಹಾಕಬೇಕೋ, ಅಥವಾ 100 ಮಿಲಿಮೀಟರಿನ ಇನ್ನೊಂದು ಬಿಡಿಭಾಗಕ್ಕೆ ಬಳಸಬೇಕೋ ಎಂಬುದನ್ನು ಕಾಕಾ ದಿನವೂ ನಿರ್ಧರಿಸುತ್ತಿದ್ದರು; ಪುಸ್ತಕದ ಕೊನೆಯ ಇಪ್ಪತ್ತು ಪುಟಗಳಲ್ಲಿ ಇದ್ದದ್ದೆಲ್ಲ ಇಂಥ ಬಾಲದ ತುಂಡುಗಳ ಲೆಕ್ಕ. ನಮ್ಮ ವಿನ್ಯಾಸದಲ್ಲಿ ಈ ತುಂಡುಗಳಿಗೆ ಹೆಸರೂ ಇರಲಿಲ್ಲ, ಜಾಗವೂ ಇರಲಿಲ್ಲ.

ಇದರ ಪರಿಣಾಮ ಸ್ಟೋರ್ಸಿಗಷ್ಟೇ ಸೀಮಿತವಲ್ಲ ಎಂಬುದನ್ನು ತಿಳಿಯಲು ಇಂಥ ವ್ಯವಸ್ಥೆಗಳ ಮೂಲಕ್ಕೆ ಸ್ವಲ್ಪ ಹೋಗಬೇಕಾಗುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಜೋಸೆಫ್ ಆರ್ಲಿಕಿ ಎಂಬ ಎಂಜಿನಿಯರ್ ರೂಪಿಸಿದ ವಿಧಾನವೊಂದಿದೆ. ಅದಕ್ಕೆ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್ ಎಂದು ಹೆಸರು. ಅಂಗಡಿಯ ಪೊಟ್ಟಣದ ಮೇಲೆ ಅಚ್ಚಾಗಿರುವ ಎಂಆರ್‌ಪಿಗೂ ಇದಕ್ಕೂ ಸಂಬಂಧವಿಲ್ಲ, ಹ್ರಸ್ವರೂಪ ಮಾತ್ರ ಒಂದೇ. ಅವರ ಮುಖ್ಯ ಒಳನೋಟ ಸರಳವಾದದ್ದು: ಎಷ್ಟು ಗಾಡಿ ಮಾರಾಟವಾಗುತ್ತವೆ ಎಂಬುದನ್ನು ಅಂದಾಜು ಮಾಡಬೇಕಾಗುತ್ತದೆ, ಆದರೆ ಅಷ್ಟು ಗಾಡಿಗೆ ಎಷ್ಟು ಚಕ್ರ ಬೇಕೆಂಬುದನ್ನು ಅಂದಾಜು ಮಾಡಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು. ಗಾಡಿಯನ್ನು ಅದರ ಭಾಗಗಳಾಗಿ, ಭಾಗಗಳನ್ನು ಉಪಭಾಗಗಳಾಗಿ ಬಿಡಿಸುತ್ತ ಹೋಗಿ, ಕೈಯಲ್ಲಿರುವ ದಾಸ್ತಾನನ್ನೂ ಬರಬೇಕಾದ ಮಾಲನ್ನೂ ಕಳೆದು, ತಲುಪಲು ಹಿಡಿಯುವ ದಿನಗಳಷ್ಟು ಹಿಂದಕ್ಕೆ ಸರಿದರೆ, ಯಾವ ಮಾಲನ್ನು ಯಾವತ್ತು ಎಷ್ಟು ತರಿಸಬೇಕೆಂಬುದು ತಾನಾಗಿ ಹೊರಬೀಳುತ್ತದೆ. 1972ರಲ್ಲಿ ಐಬಿಎಂ ತೊರೆದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಸ್ಥಾಪಿಸಿದ ಎಸ್‌ಎಪಿ ಸೇರಿದಂತೆ, ಈ ಕ್ಷೇತ್ರದ ತಂತ್ರಾಂಶಗಳೆಲ್ಲ ಈ ಲೆಕ್ಕವನ್ನು ಹಣಕಾಸು, ಮಾರಾಟ, ಸಂಬಳ ಮುಂತಾದವುಗಳೊಡನೆ ಒಂದೇ ದತ್ತಾಂಶದ ಮೇಲೆ ನಿಲ್ಲಿಸುತ್ತ ಬಂದವು. ಆ ಒಟ್ಟು ವ್ಯವಸ್ಥೆಗೆ ಇಆರ್‌ಪಿ, ಅಂದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್, ಎಂಬ ಹೆಸರನ್ನು 1990ರಲ್ಲಿ ಗಾರ್ಟ್‌ನರ್ ಎಂಬ ಸಂಶೋಧನಾ ಸಂಸ್ಥೆ ಕೊಟ್ಟಿತು.

ಈ ಲೆಕ್ಕದಲ್ಲಿ "ಕೈಯಲ್ಲಿರುವ ದಾಸ್ತಾನು" ಎಂಬ ಎರಡು ಪದಗಳ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡಿ. ಸ್ಟೋರ್ಸಿನಲ್ಲಿ 26 ಸರಳಿದ್ದು ಯಂತ್ರ 40 ಎಂದು ತಿಳಿದರೆ ಖರೀದಿಯ ಆದೇಶ ಹೊರಡುವುದಿಲ್ಲ. ಎರಡು ವಾರದ ನಂತರ ಉತ್ಪಾದನೆಯ ಸಾಲು ನಿಲ್ಲುತ್ತದೆ. ಆಗ ಖರೀದಿ ವಿಭಾಗದವರು ಹೆಚ್ಚಿನ ದರ ಕೊಟ್ಟು ಅಂದೇ ಮಾಲು ತರಿಸುತ್ತಾರೆ, ಮುಂದಿನ ಸಲ ಯಂತ್ರದ ಮಾತನ್ನು ನಂಬದೆ ತಾವೇ ನೂರು ಸರಳು ಹೆಚ್ಚು ತರಿಸಿಡುತ್ತಾರೆ. ಒಂದು ವರ್ಷದೊಳಗೆ ಕಾರ್ಖಾನೆಯಲ್ಲಿ ಎರಡು ಯೋಜನೆ ನಡೆಯತೊಡಗುತ್ತವೆ, ಒಂದು ಕೋಟ್ಯಂತರ ರೂಪಾಯಿಯ ತಂತ್ರಾಂಶದಲ್ಲಿ, ಇನ್ನೊಂದು ಯಾರದೋ ಎಕ್ಸೆಲ್ ಹಾಳೆಯಲ್ಲಿ. ಎಕ್ಸೆಲ್ ಹಾಳೆ ಬರೆದವನನ್ನು ಶಿಸ್ತಿಲ್ಲದವನೆಂದು ದೂರುವ ರೂಢಿ ನಮ್ಮ ವೃತ್ತಿಯಲ್ಲಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಕಂಪ್ಯೂಟರಿನ ಪಕ್ಕದಲ್ಲಿರುವ ಪ್ರತಿಯೊಂದು ಖಾಸಗಿ ಪುಸ್ತಕವೂ, ಪ್ರತಿಯೊಂದು ಹಾಳೆಯೂ, ವಿನ್ಯಾಸ ಮಾಡಿದವರು ಕೇಳದೆ ಬಿಟ್ಟ ಪ್ರಶ್ನೆಯೊಂದರ ಉತ್ತರ. ಅದನ್ನು ಹುಡುಕಿ ಓದುವುದೇ ಯೋಜನೆಯ ಮೊದಲ ಕೆಲಸವೆಂದು ನಾನು ಅಂದಿನಿಂದ ನಂಬಿದ್ದೇನೆ.

ಪುಸ್ತಕದ ಇನ್ನೊಂದು ಭಾಗ ಜಾಬ್ ವರ್ಕಿನದು, ಅಂದರೆ ಕಂಪನಿಯ ಮಾಲಿನ ಮೇಲೆ ಹೊರಗಿನವರಿಂದ ಮಾಡಿಸುವ ಕೆಲಸದ್ದು. ಪುಣೆ ಸುತ್ತಲಿನ ಕಾರ್ಖಾನೆಗಳನ್ನು ಹೊರಗಿನಿಂದ ನೋಡಿದವರಿಗೆ ದೊಡ್ಡ ಗೇಟುಗಳು ಕಾಣುತ್ತವೆ. ಆದರೆ ಒಳಗೆ ತಯಾರಾಗುವ ವಸ್ತುವಿನ ಅರ್ಧ ಕೆಲಸ ಭೋಸರಿಯ ಸಣ್ಣ ಸಣ್ಣ ಶೆಡ್ಡುಗಳಲ್ಲಿ ನಡೆಯುತ್ತದೆ. ತುಂಡು ಕತ್ತರಿಸಿದ ಮೇಲೆ ಒಬ್ಬರ ಬಳಿ ಹೀಟ್ ಟ್ರೀಟ್‌ಮೆಂಟಿಗೆ ಹೋಗುತ್ತದೆ, ಅಲ್ಲಿಂದ ನೇರವಾಗಿ ಇನ್ನೊಬ್ಬರ ಬಳಿ ಪ್ಲೇಟಿಂಗಿಗೆ ಹೋಗುತ್ತದೆ, ಆಮೇಲೆ ಚಾಕಣಕ್ಕೆ ಮರಳುತ್ತದೆ. ಮಾಲು ಕಂಪನಿಯದೇ, ಆದರೆ ಕಂಪನಿಯ ಆವರಣದಲ್ಲಿಲ್ಲ. ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನ ಪ್ರಕಾರ ಹೀಗೆ ಕಳಿಸಿದ ಕಚ್ಚಾಮಾಲು ಒಂದು ವರ್ಷದೊಳಗೆ ಹಿಂತಿರುಗಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲವಾದರೆ ಕಳಿಸಿದ ದಿನವೇ ಅದನ್ನು ಮಾರಿದಂತೆ ಎಂದು ಪರಿಗಣಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಕಾಕಾ ಪ್ರತಿ ಚಲನ್ನಿನ ಎದುರಿಗೂ ಹೋದ ದಿನ, ಬಂದ ದಿನ, ಹೋದ ಎಣಿಕೆ, ಬಂದ ಎಣಿಕೆ, ಕೆಟ್ಟ ಎಣಿಕೆ ಬರೆದಿದ್ದರು. ಒಬ್ಬ ಜಾಬ್ ವರ್ಕರನಿಂದ ಇನ್ನೊಬ್ಬನಿಗೆ ಮಾಲು ನೇರವಾಗಿ ಹೋದಾಗ ಬಾಣದ ಗುರುತು ಹಾಕಿದ್ದರು. ನಮ್ಮ ದಸ್ತಾವೇಜಿನಲ್ಲಿ "ಹೊರಗುತ್ತಿಗೆ ಸಂಸ್ಕರಣೆ" ಎಂಬ ಶೀರ್ಷಿಕೆಯಡಿ ಒಂದು ಪುಟವಿತ್ತು. ಮಾಲು ಹೋಗುತ್ತದೆ, ಬರುತ್ತದೆ ಎಂದಷ್ಟೇ ಅದರಲ್ಲಿ ಬರೆದಿದ್ದೆವು. ಆ ಬಾಣದ ಗುರುತೊಂದಕ್ಕಾಗಿ ನಾವು ಮುಂದೆ ದತ್ತಾಂಶದ ರಚನೆಯನ್ನೇ ಬದಲಿಸಿದೆವು: ದಾಸ್ತಾನು ಎಂದರೆ "ಯಾವ ಗೋದಾಮಿನಲ್ಲಿದೆ" ಎಂಬ ಒಂದು ಅಂಕಣದ ಬದಲು, "ಯಾರ ಸ್ವತ್ತು", "ಯಾರ ವಶದಲ್ಲಿದೆ", "ಯಾವ ಸ್ಥಿತಿಯಲ್ಲಿದೆ" ಎಂಬ ಮೂರು ಅಂಕಣ. ಹೀಗೆ ಬಿಡಿಸಿದ ಮೇಲೆ ಗ್ರಾಹಕರು ಕೊಟ್ಟ ಮಾಲು, ತಿರಸ್ಕೃತ ಮಾಲು, ದಾರಿಯಲ್ಲಿರುವ ಮಾಲು ಎಲ್ಲವೂ ವಿಶೇಷ ಏರ್ಪಾಡಿಲ್ಲದೆ ಅದರೊಳಗೇ ಕುಳಿತವು.

ಸಹಿಯಾದ ದಸ್ತಾವೇಜನ್ನು ಮತ್ತೆ ತೆರೆಯಬೇಕೆಂದು ನಾನು ಕೇಳಿದಾಗ ಎರಡೂ ಕಡೆಯ ವ್ಯವಸ್ಥಾಪಕರಿಗೆ ಅಸಮಾಧಾನವಾಯಿತು. ಆರು ವಾರ ಹೆಚ್ಚು ಬೇಕಾಯಿತು. ಸಿದ್ಧ ತಂತ್ರಾಂಶದಲ್ಲಿರುವ ಪದ್ಧತಿಗೆ ಕಂಪನಿಯೇ ಹೊಂದಿಕೊಳ್ಳಲಿ ಎಂಬ ವಾದವೂ ಬಂತು. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಯುರೋಪಿನ ಲಿಡ್ಲ್ ಎಂಬ ದೊಡ್ಡ ದಿನಸಿ ಮಳಿಗೆಗಳ ಸರಣಿ 2011ರಲ್ಲಿ ಎಸ್‌ಎಪಿ ಆಧಾರಿತ ಹೊಸ ವ್ಯವಸ್ಥೆಯೊಂದನ್ನು ಆರಂಭಿಸಿ, ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ 2018ರಲ್ಲಿ ಅದನ್ನು ಕೈಬಿಟ್ಟಿತು. ಆ ಸಿದ್ಧ ವ್ಯವಸ್ಥೆ ದಾಸ್ತಾನನ್ನು ಮಾರಾಟದ ಬೆಲೆಯಲ್ಲಿ ಲೆಕ್ಕ ಹಿಡಿಯುತ್ತಿತ್ತು, ಕಂಪನಿಯ ರೂಢಿ ಖರೀದಿಯ ಬೆಲೆಯದು. ರೂಢಿಯನ್ನು ಉಳಿಸಿಕೊಳ್ಳಲು ತಂತ್ರಾಂಶವನ್ನು ತಿದ್ದುತ್ತ ಹೋದದ್ದು ಆ ಸೋಲಿನ ಮುಖ್ಯ ಕಾರಣಗಳಲ್ಲಿ ಒಂದೆಂದು ಆಗ ವರದಿಯಾಗಿತ್ತು. ಎಲ್ಲವನ್ನೂ ತಿದ್ದಲು ಹೊರಟರೆ ಆಗುವುದು ಹೀಗೆ.

ಆದ್ದರಿಂದ ನಾವು ಪುಸ್ತಕದಲ್ಲಿ ಕಂಡ ಒಂದೊಂದು ವಿಷಯವನ್ನೂ ಇದು ವಸ್ತುವಿನ ಸ್ವಭಾವವೋ, ಕಾನೂನಿನ ಅಗತ್ಯವೋ, ಬರೀ ರೂಢಿಯೋ ಎಂದು ಕೇಳಿ ಬೇರ್ಪಡಿಸಿದೆವು. ಉಕ್ಕು ತೂಕದಲ್ಲಿ ಬಂದು ಎಣಿಕೆಯಲ್ಲಿ ಮಲಗುವುದು ಉಕ್ಕಿನ ಸ್ವಭಾವ. ಅದಕ್ಕೆ ತಂತ್ರಾಂಶವೇ ಬಗ್ಗಬೇಕು. ಪ್ರತಿ ಸರಳಿನ ಕಟ್ಟಿಗೂ ಎಣಿಕೆ ಮತ್ತು ತೂಗಿದ ತೂಕ ಎರಡನ್ನೂ ಇಟ್ಟು, ಸೂತ್ರವನ್ನು ಕೇವಲ ತಾಳೆ ನೋಡಲು ಬಳಸಿದೆವು. ಜಾಬ್ ವರ್ಕಿನ ಒಂದು ವರ್ಷದ ಗಡುವು ಕಾನೂನು. ಆದರೆ 5,000 ರೂಪಾಯಿಯ ಖರೀದಿಗೂ ಏಳು ಜನರ ಸಹಿ ಬೇಕೆಂಬುದು ರೂಢಿ. ಅದು ಹೇಗೆ ಬಂತೆಂದು ವಿಚಾರಿಸಿದಾಗ, ಹಿಂದೆಂದೋ ನಡೆದ ಒಂದು ಅವ್ಯವಹಾರದ ನಂತರ ಒಂದೊಂದಾಗಿ ಸೇರಿದ ಸಹಿಗಳು ಎಂದು ತಿಳಿಯಿತು. ಅದನ್ನು ಎರಡಕ್ಕೆ ಇಳಿಸಲು ಆಡಳಿತ ಮಂಡಳಿ ಒಪ್ಪಿತು.

ಸರಬರಾಜುದಾರರ ಪಟ್ಟಿಯ ಕತೆ ಬೇರೆ. ಖರೀದಿಯವರ ಬಳಿ ಒಂದು ಪಟ್ಟಿ, ಲೆಕ್ಕಪತ್ರ ವಿಭಾಗದವರ ಬಳಿ ಇನ್ನೊಂದು. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗಿನ ಮಾತುಕತೆಯ ರಚನೆಯನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದಿದ್ದರು. ಈ ಎರಡು ವಿಭಾಗಗಳು ಬೇರೆ ಬೇರೆ ಮಹಡಿಯಲ್ಲಿ ಕುಳಿತು ಬರೀ ಇಮೇಲಿನಲ್ಲಿ ಮಾತಾಡುತ್ತಿದ್ದವೆಂಬುದನ್ನು ಆ ಪಟ್ಟಿಗಳನ್ನು ನೋಡಿಯೇ ಹೇಳಬಹುದಿತ್ತು. ಒಬ್ಬನೇ ಸರಬರಾಜುದಾರ ನಾಲ್ಕು ಬಗೆಯ ಕಾಗುಣಿತದಲ್ಲಿ ನಾಲ್ಕು ಜನರಾಗಿದ್ದ. ಇಲ್ಲಿ ಜಿಎಸ್‌ಟಿ ಸಂಖ್ಯೆ ನೆರವಿಗೆ ಬಂತು. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಪ್ಯಾನ್ ಹಿಡಿದು ಹೊಂದಿಸಿದಾಗ ಪಟ್ಟಿ ಮೂರನೇ ಒಂದು ಭಾಗ ಕರಗಿತು. ಆದರೆ ತಂಡದ ಹೊಸ ಹುಡುಗನೊಬ್ಬ ಉತ್ಸಾಹದಿಂದ, ಪ್ಯಾನ್ ಒಂದೇ ಆಗಿರುವವರನ್ನೆಲ್ಲ ಒಂದೇ ದಾಖಲೆಯಾಗಿ ಬೆಸೆಯಲು ಹೊರಟಿದ್ದ. ಎರಕದ ಭಾಗಗಳನ್ನು ಕಳಿಸುವ ಫೌಂಡ್ರಿಯೊಂದಕ್ಕೆ ಬೆಳಗಾವಿಯಲ್ಲೂ ಪುಣೆಯಲ್ಲೂ ಘಟಕಗಳಿದ್ದವು. ಬೆಳಗಾವಿಯ ಬಿಲ್ಲು 29ರಿಂದ ಆರಂಭವಾಗುವ ಸಂಖ್ಯೆಯದು, ಅದಕ್ಕೆ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ. ಪುಣೆಯ ಬಿಲ್ಲು 27ರದು, ಅದಕ್ಕೆ ಕೇಂದ್ರ ಮತ್ತು ರಾಜ್ಯದ ತೆರಿಗೆ ಸಮಪಾಲು. ಎರಡನ್ನೂ ಬೆಸೆದಿದ್ದರೆ ತೆರಿಗೆಯ ಲೆಕ್ಕ ಪೂರ್ತಿ ತಪ್ಪುತ್ತಿತ್ತು. ವ್ಯಕ್ತಿ ಒಬ್ಬನೇ, ವಿಳಾಸ ಮತ್ತು ನೋಂದಣಿ ಬೇರೆ ಬೇರೆ ಎಂಬ ರಚನೆ ಅಲ್ಲಿಂದ ಬಂತು.

ಹೊಸ ವ್ಯವಸ್ಥೆಗೆ ಒಂದೇ ರಾತ್ರಿಯಲ್ಲಿ ದಾಟುವುದು ಬೇಡವೆಂದು ನಾವು ಮೊದಲೇ ನಿರ್ಧರಿಸಿದ್ದೆವು. ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ 1999ರ ಜುಲೈನಲ್ಲಿ, ಅಕ್ಟೋಬರಿನ ಹ್ಯಾಲೋವೀನ್ ಹಬ್ಬದ ಆದೇಶಗಳು ಸುರಿಯತೊಡಗುವ ಹೊತ್ತಿಗೇ, ಮೂರು ದೊಡ್ಡ ತಂತ್ರಾಂಶಗಳಿಗೆ ಒಟ್ಟಿಗೆ ದಾಟಿ, ಗೋದಾಮಿನಲ್ಲಿ ಮಾಲಿದ್ದೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಆದೇಶಗಳನ್ನು ಪೂರೈಸಲಾಗದೆ ಹೋದದ್ದು ಈ ವೃತ್ತಿಯಲ್ಲಿರುವವರೆಲ್ಲ ಕೇಳಿರುವ ಸಂಗತಿ. ನಮ್ಮಲ್ಲಿ ದಸರೆ-ದೀಪಾವಳಿಯ ಮುಂಚಿನ ಎರಡು ತಿಂಗಳು ವಾಹನ ಉದ್ಯಮಕ್ಕೆ ಉಸಿರಾಡಲು ಬಿಡುವಿರುವುದಿಲ್ಲ, ಮಾರ್ಚಿನಲ್ಲಿ ಲೆಕ್ಕಪತ್ರದವರಿಗೆ ಬಿಡುವಿರುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಸ್ಟೋರ್ಸ್ ಮತ್ತು ಖರೀದಿ, ಜುಲೈನಲ್ಲಿ ರವಾನೆ ಮತ್ತು ಬಿಲ್ಲು, ಡಿಸೆಂಬರಿನಲ್ಲಿ ಹಣಕಾಸು ಎಂದು ಹಂತ ಹಂತವಾಗಿ ಹಾಕಿಕೊಂಡೆವು. ಕರಾವಳಿಯಲ್ಲಿ ಬೆಳೆದವರು ಗೋಳಿಮರವನ್ನು ನೋಡಿರುತ್ತಾರೆ. ಹಕ್ಕಿ ತಂದುಹಾಕಿದ ಬೀಜ ಇನ್ನೊಂದು ಮರದ ಮೇಲೆ ಮೊಳೆತು, ಬೇರುಗಳನ್ನು ನೆಲಕ್ಕಿಳಿಸಿ, ಹಳೆಯ ಮರ ಒಳಗಿರುವಾಗಲೇ ಅದರ ಸುತ್ತ ತಾನು ಬಲವಾಗುತ್ತ ಹೋಗುತ್ತದೆ. ಹಳೆಯ ವ್ಯವಸ್ಥೆಯನ್ನು ನಿಲ್ಲಿಸದೆ, ಒಂದೊಂದೇ ಕೆಲಸವನ್ನು ಹೊಸದಕ್ಕೆ ಸಾಗಿಸುವ ಈ ವಿಧಾನಕ್ಕೆ ಇದೇ ಬಗೆಯ ಮರದ ಹೆಸರನ್ನು ತಂತ್ರಾಂಶ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ 2004ರಲ್ಲಿ ಇಟ್ಟಿದ್ದರು.

ಹೀಗೆ ಎರಡು ವ್ಯವಸ್ಥೆಗಳು ಜೊತೆಯಲ್ಲಿ ನಡೆಯುವಾಗ ಪ್ರತಿ ರಾತ್ರಿ ಎರಡರ ದಾಸ್ತಾನನ್ನೂ ತಾಳೆ ಹಾಕಬೇಕು. ಮೊದಲ ವಾರ ಪ್ರತಿ ಬೆಳಿಗ್ಗೆಯೂ ವ್ಯತ್ಯಾಸ ಬರುತ್ತಿತ್ತು, ಸಂಜೆಯ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. ಕಾರಣ ಮೂರನೆಯ ಪಾಳಿ. ಕಾರ್ಖಾನೆಯ ದಿನ ಬೆಳಿಗ್ಗೆ ಏಳಕ್ಕೆ ಆರಂಭವಾಗಿ ಮರುದಿನ ಏಳಕ್ಕೆ ಮುಗಿಯುತ್ತದೆ. ರಾತ್ರಿ ಎರಡು ಗಂಟೆಗೆ ಕತ್ತರಿಸಿದ ತುಂಡು ಅಲ್ಲಿನವರಿಗೆ ನಿನ್ನೆಯ ಉತ್ಪಾದನೆ. ಯಂತ್ರದ ದಿನ ಮಾತ್ರ ಮಧ್ಯರಾತ್ರಿ ಹನ್ನೆರಡಕ್ಕೆ ಬದಲಾಗುತ್ತದೆ. ಘಟನೆ ನಡೆದ ಗಳಿಗೆ ಒಂದು, ಅದು ಸೇರಬೇಕಾದ ಕಾರ್ಖಾನೆಯ ದಿನ ಇನ್ನೊಂದು ಎಂದು ಎರಡನ್ನೂ ದಾಖಲಿಸಿದ ಮೇಲೆ ವ್ಯತ್ಯಾಸ ನಿಂತಿತು.

ಜುಲೈನಲ್ಲಿ ಬಿಲ್ಲಿನ ಹಂತಕ್ಕೆ ಬಂದಾಗ ನನ್ನಿಂದಲೇ ಒಂದು ದೊಡ್ಡ ತಪ್ಪಾಯಿತು. ಇ-ಇನ್‌ವಾಯ್ಸ್ ಪದ್ಧತಿ 2020ರ ಅಕ್ಟೋಬರ್ 1ರಿಂದ 500 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಕಡ್ಡಾಯವಾಗಿ, ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸಿದೆ. ಬಿಲ್ಲನ್ನು ಸರ್ಕಾರದ ಪೋರ್ಟಲಿಗೆ ಕಳಿಸಿದರೆ ಅದು 64 ಅಕ್ಷರಗಳ ಐಆರ್‌ಎನ್ ಎಂಬ ಗುರುತನ್ನೂ ಕ್ಯೂಆರ್ ಸಂಕೇತವನ್ನೂ ಹಿಂತಿರುಗಿಸುತ್ತದೆ. ಆ ಕ್ಯೂಆರ್ ಸಂಕೇತ ಬಿಲ್ಲಿನ ಮೇಲೆ ಅಚ್ಚಾಗದೆ ಲಾರಿ ಗೇಟು ದಾಟುವಂತಿಲ್ಲ. ಹಂತ ಶುರುವಾದ ಮೂರನೆಯ ದಿನ, ಜೋರು ಮಳೆಯಲ್ಲಿ, ಪೋರ್ಟಲಿನ ಉತ್ತರ ತಡವಾಗತೊಡಗಿತು. ನಮ್ಮ ವ್ಯವಸ್ಥೆ ಮೂವತ್ತು ಸೆಕೆಂಡು ಕಾದು, ವಿಫಲವಾಯಿತೆಂದು ತಿಳಿದು, ಅದೇ ಬಿಲ್ಲನ್ನು ಮತ್ತೆ ಕಳಿಸಿತು. ಆದರೆ ಮೊದಲ ಸಲವೇ ಬಿಲ್ಲು ಅಲ್ಲಿ ನೋಂದಣಿಯಾಗಿತ್ತು, ಉತ್ತರ ಮಾತ್ರ ನಮಗೆ ತಲುಪಿರಲಿಲ್ಲ. ಎರಡನೆಯ ಸಲ "ಇದು ಈಗಾಗಲೇ ನೋಂದಣಿಯಾಗಿದೆ" ಎಂಬ ಉತ್ತರ ಬಂತು. ನಾನು ಬರೆಸಿದ್ದ ನಿಯಮ ಆ ಉತ್ತರವನ್ನು ದೋಷವೆಂದು ಪರಿಗಣಿಸಿ ಬಿಲ್ಲನ್ನು ತಡೆಹಿಡಿಯಿತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಗೇಟಿನ ಒಳಗೆ ಹದಿನಾಲ್ಕು ಲಾರಿಗಳು ನಿಂತಿದ್ದವು. ಎರಡು ಗಂಟೆಯ ದಾಸ್ತಾನನ್ನಷ್ಟೇ ಇಟ್ಟುಕೊಂಡು ನಡೆಯುವ ಗ್ರಾಹಕರ ಜೋಡಣೆಯ ಸಾಲಿಗೆ ಹೋಗಬೇಕಾದ ಮಾಲು ಅವುಗಳಲ್ಲಿತ್ತು. ರವಾನೆ ವಿಭಾಗದ ಹುಡುಗರು ಮಳೆಯಲ್ಲಿ ನೆನೆಯುತ್ತ ಗೇಟಿಗೂ ಆಫೀಸಿಗೂ ಓಡಾಡುತ್ತಿದ್ದರು, ಚಾಲಕರು ಬೈಯುತ್ತಿದ್ದರು. ಆ ದಿನ ನೆನಪಾದರೆ ಇಂದಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪರಿಹಾರ ನಾಲ್ಕು ಸಾಲಿನದು. ಐಆರ್‌ಎನ್ ಎಂಬುದು ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ, ಇವುಗಳಿಂದಲೇ ಹುಟ್ಟುವ ಗುರುತು. ಒಂದೇ ಬಿಲ್ಲನ್ನು ಎಷ್ಟು ಸಲ ಕಳಿಸಿದರೂ ಅದೇ ಗುರುತು ಬರಬೇಕು. ಆದ್ದರಿಂದ "ಈಗಾಗಲೇ ನೋಂದಣಿಯಾಗಿದೆ" ಎಂಬುದು ಸೋಲಿನ ಉತ್ತರವಲ್ಲ, ಗೆಲುವಿನ ಉತ್ತರ. ಅದನ್ನು ಕಂಡೊಡನೆ ಇರುವ ಗುರುತನ್ನು ತರಿಸಿ ಬಿಲ್ಲಿಗೆ ಅಂಟಿಸಬೇಕಿತ್ತು. ಹೊರಗಿನ ವ್ಯವಸ್ಥೆಯೊಡನೆ ಮಾತಾಡುವ ಪ್ರತಿ ಕಡೆಯಲ್ಲೂ "ಉತ್ತರ ಬಾರದಿದ್ದರೆ ಕೆಲಸ ಆಗಿದೆಯೋ ಇಲ್ಲವೋ ತಿಳಿಯದು" ಎಂಬ ಮೂರನೆಯ ಸ್ಥಿತಿಯನ್ನು ನಾನು ಈಗ ಯೋಜನೆಯ ಮೊದಲ ದಿನವೇ ಬರೆಸುತ್ತೇನೆ. ಪರೀಕ್ಷೆಯ ವಾತಾವರಣದಲ್ಲಿ ಪೋರ್ಟಲ್ ಯಾವಾಗಲೂ ಎರಡು ಸೆಕೆಂಡಿನಲ್ಲಿ ಉತ್ತರಿಸುತ್ತಿದ್ದುದರಿಂದ ಈ ಸ್ಥಿತಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಡಿಸೆಂಬರಿನ ಹಣಕಾಸಿನ ಹಂತ ಹೆಚ್ಚು ಸದ್ದಿಲ್ಲದೆ ಮುಗಿಯಿತು. ಅದರ ಬಗ್ಗೆ ಒಂದೇ ಮಾತು ಹೇಳಬೇಕೆನಿಸುತ್ತದೆ. ನಾವು ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆದು, ಬೇಕಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಹುಬ್ಬಳ್ಳಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಕಿರ್ದಿಯಲ್ಲಿ ಒಂದು ಅಂಕಿ ತಪ್ಪಾದರೆ ಅದನ್ನು ಅಳಿಸುತ್ತಿರಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತಿದ್ದರು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡೂ ಉಳಿಯಲೇಬೇಕು, ಆ ದಾಖಲೆಯನ್ನು ನಿಲ್ಲಿಸಲು ಬರಬಾರದು ಎಂದು ನಿಯಮವಾಗಿದೆ. ನಾವು ಇದನ್ನು ಹಣಕಾಸಿಗಷ್ಟೇ ಅಲ್ಲದೆ ಸ್ಟೋರ್ಸಿಗೂ ಅನ್ವಯಿಸಿದೆವು: ದಾಸ್ತಾನಿನ ಅಂಕಿಯನ್ನು ನೇರವಾಗಿ ತಿದ್ದುವ ಪರದೆಯೇ ಇಲ್ಲ, ಬಂದದ್ದು, ಹೋದದ್ದು, ತಪ್ಪಾಗಿ ಬರೆದದ್ದರ ಮರುನಮೂದು ಇಷ್ಟೇ. ಕಾಕಾ ಇದನ್ನು ಕೂಡಲೇ ಒಪ್ಪಿದರು. ಅವರ ಕೆಂಪು ಪುಸ್ತಕದಲ್ಲೂ ಅಳಿಸಿದ ಗುರುತು ಒಂದೂ ಇರಲಿಲ್ಲ.

ಬಾಲದ ತುಂಡಿನ ವಿಷಯದಲ್ಲಿ ನಾವು ದೀರ್ಘವಾಗಿ ಚರ್ಚಿಸಿದೆವು. ಪ್ರತಿ 111 ಮಿಲಿಮೀಟರಿನ ತುಂಡಿಗೂ ಬಾರ್‌ಕೋಡ್ ಅಂಟಿಸಿ, ಓದಿಸಿ, ಜಾಗ ಗುರುತಿಸುವ ಕೆಲಸಕ್ಕೆ ಒಬ್ಬ ಮನುಷ್ಯನ ಒಂದೂವರೆ ನಿಮಿಷ ಬೇಕು; 700 ಗ್ರಾಂ ಉಕ್ಕಿನಿಂದ ಉಳಿಯುವ ಹಣ ಆ ಶ್ರಮಕ್ಕೆ ಈಡಾಗುವುದಿಲ್ಲವೆಂದು ಕಾಕಾ ತಾವೇ ಲೆಕ್ಕ ಹಾಕಿ ತೋರಿಸಿದರು. 300 ಮಿಲಿಮೀಟರಿಗಿಂತ ಉದ್ದದ ತುಂಡುಗಳಿಗೆ ಮಾತ್ರ ವ್ಯವಸ್ಥೆಯಲ್ಲಿ ಗುರುತು, ಅದಕ್ಕಿಂತ ಚಿಕ್ಕವು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ, ವಾರಕ್ಕೊಮ್ಮೆ ಒಟ್ಟು ತೂಕದಲ್ಲಿ ಎಂದು ತೀರ್ಮಾನವಾಯಿತು. ಹೋದ ತಿಂಗಳು ನಾನು ಮತ್ತೆ ಆ ಕಾರ್ಖಾನೆಗೆ ಹೋಗಿದ್ದೆ. ಕೆಂಪು ಪುಸ್ತಕ ಕಂಪ್ಯೂಟರಿನ ಪಕ್ಕದಿಂದ ಆ ಪೆಟ್ಟಿಗೆಯ ಪಕ್ಕಕ್ಕೆ ಸರಿದಿತ್ತು. ಮುಂಭಾಗದ ಪುಟಗಳಲ್ಲಿ ಬರವಣಿಗೆ ನಿಂತುಹೋಗಿ ಎರಡು ವರ್ಷವಾಗಿತ್ತು. ಕೊನೆಯ ಪುಟಗಳಲ್ಲಿ ತುಂಡಿನ ಲೆಕ್ಕ ಅಂದಿನ ತಾರೀಖಿನವರೆಗೂ ಇತ್ತು.